ಶನಿವಾರದ ಚೀಟಿ

"ಮೇಡಂ ಹೇಳಿದ್ದೂ ಒಪ್ಪಬೇಕಾದ ಮಾತೇ" ಎಂದು ರಮೇಶ್‌ಬಾಬು ಬರೆದು ಕೈಮುಗಿದ ಚಿತ್ರ ಹಾಕಿದಾಗ, ತನುಜ ಮೊಬೈಲನ್ನು ನೀರಿನ ಪಾತ್ರೆಯ ಆಚೆಗೆ ತಳ್ಳಿದಳು. ಪಾತ್ರೆಯಲ್ಲಿ ಅವರೆಕಾಳು ನೆನೆದಿತ್ತು. ಸಂಜೆಯಿಂದ ಕಾಳು ಹಿತುಕುತ್ತಾ, ನಡುನಡುವೆ ಒದ್ದೆ ಬೆರಳನ್ನು ಸೆರಗಿಗೆ ಒರೆಸಿಕೊಂಡು ಅವಳು ವಾಟ್ಸಾಪ್ ಗುಂಪಿನಲ್ಲಿ ವಾದ ಬರೆಯುತ್ತಿದ್ದಳು. ಶಾಲೆಯ ಮಕ್ಕಳ ಕೈಗೆ ಮೊಬೈಲ್ ಕೊಡಬಹುದೇ ಎಂಬುದು ವಿಷಯ. ಕೊಡಬಹುದು ಎನ್ನುವುದು ತನುಜಳ ಪಾಲಿಗೆ ಬಂದಿತ್ತು, ಕೂಡದು ಎನ್ನುವುದು ರಮೇಶ್‌ಬಾಬು ಪಾಲಿಗೆ. ಅವರು ಎಲ್ಲಿಂದಲೋ ಬಂದ ಒಂದು ವಿಡಿಯೋ ಕಳಿಸಿದರು, ಶುಭ ಸಂಜೆ ಎಂಬ ಗುಲಾಬಿ ಕಳಿಸಿದರು, ಆಮೇಲೆ ಕೈಮುಗಿದರು.

"ಗೆದ್ಯಾ?" ಎಂದು ಗಂಡ ಸಿದ್ಧಾರ್ಥ್ ಕೇಳಿದ. ಅವನೂ ಎದುರಿಗೆ ಕೂತು ಹಿತುಕುತ್ತಿದ್ದ. ಅವನ ಕೈಯಿಂದ ಜಾರಿದ ಬೇಳೆ ಬಟ್ಟಲಿಗಿಂತ ನೆಲಕ್ಕೇ ಹೆಚ್ಚು ಬೀಳುತ್ತಿತ್ತು.

"ಗೆದ್ದೆ."

"ಮತ್ತೆ ಮುಖ ಯಾಕಮ್ಮ ಸೋತೋರ ತರ?"

"ಮಕ್ಕಳಿಗೆ ಮೊಬೈಲ್ ಕೊಡ್ಬೇಕು ಅಂತ ನಾನೇ ಒಪ್ಪಲ್ಲ ಕಣ್ರೀ. ನಮ್ ಹುಡುಗಿಗೆ ಕೊಟ್ಟಿದೀನಾ? ಏನೇನೋ ಬರ್ದೆ. ಒಬ್ರಾದ್ರೂ ತಪ್ಪು ಅನ್ನಬಾರ್ದಾ?"

"ನೀನ್ ಹೇಳಿದ್ರೆ ಸರಿಯಾಗೇ ಇರುತ್ತೆ ಬಿಡು."

ಅವನು ಇದನ್ನು ಪ್ರೀತಿಯಿಂದಲೇ ಹೇಳಿದ. ಮದುವೆಯಾದಾಗಿನಿಂದ ಅವನು ಅವಳ ಮಾತಿಗೆ ಎದುರಾಡಿದವನಲ್ಲ. ಕಾಲೇಜಿನ ಆಫೀಸಿನಲ್ಲಿ ಅವಳ ಜೊತೆ ಕೆಲಸ ಮಾಡುವ ಹೆಂಗಸರು ಇದಕ್ಕಾಗಿ ಅವಳನ್ನು ಕಂಡು ಹೊಟ್ಟೆ ಉರಿದುಕೊಳ್ಳುತ್ತಿದ್ದರು. ತನುಜ ನೆಲದ ಮೇಲಿನ ಬೇಳೆ ಆಯ್ದು ಬಟ್ಟಲಿಗೆ ಹಾಕಿದಳು. ತನಗೆ ಏನು ಕಡಿಮೆಯಾಗಿದೆ ಎಂದು ಯಾರಿಗಾದರೂ ಹೇಳಿದರೆ ನಗುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು.

ಅವಳು ಚಿಂತಾಮಣಿಯಲ್ಲಿ ಹಗಲು ಜೆರಾಕ್ಸ್ ಅಂಗಡಿಯಲ್ಲಿ ನಿಂತು, ಸಂಜೆ ತರಗತಿಯಲ್ಲಿ ಓದಿ ಡಿಗ್ರಿ ಮಾಡಿಕೊಂಡವಳು. ಆ ತರಗತಿಗೆ ಬರುತ್ತಿದ್ದವರೆಲ್ಲ ಅಂಥವರೇ. ಮಂಡಿಯಲ್ಲಿ ಟೊಮೇಟೊ ಕ್ರೇಟು ಎಣಿಸಿ ಬಂದವರು, ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ಮಡಿಸಿ ಬಂದವರು. ಪಾಠ ಶುರುವಾಗುತ್ತಲೇ ತೂಕಡಿಸುತ್ತಿದ್ದರು. ಅವರನ್ನು ಎಚ್ಚರವಾಗಿಡಲು ಕನ್ನಡದ ಪುಟ್ಟಸ್ವಾಮಯ್ಯ ಮೇಷ್ಟ್ರು ಶನಿವಾರದ ಚರ್ಚೆ ಶುರುಮಾಡಿದ್ದರು. ಸ್ಟೀಲ್ ಲೋಟದಲ್ಲಿ ಚೀಟಿ ಹಾಕಿ ಕುಲುಕುವುದು, ಯಾವ ಕಡೆಯ ಚೀಟಿ ಬಂದರೆ ಆ ಕಡೆಗೇ ಮಾತಾಡುವುದು. ತನಗೆ ಒಪ್ಪಿಗೆ ಇಲ್ಲ ಎನ್ನುವಂತಿಲ್ಲ. "ನಂಬಿರೋದನ್ನ ಮನೇಲ್ ಹೇಳ್ಕೊಳ್ಳಿ, ಇಲ್ಲಿ ಚೀಟೀಲಿರೋದನ್ನ ಹೇಳಿ" ಎನ್ನುತ್ತಿದ್ದರು ಮೇಷ್ಟ್ರು. ನಿವೃತ್ತರಾದ ಮೇಲೆ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪು ಮಾಡಿ ಅದೇ ಪದ್ಧತಿ ಮುಂದುವರಿಸಿದ್ದರು. ಈಗ ಲೋಟದಿಂದ ಚೀಟಿ ಎತ್ತುವುದು ಅವರ ಮೊಮ್ಮಗಳು ಅಕ್ಷಯಾ. ಮೇಷ್ಟ್ರು ಆ ಚೀಟಿಗಳ ಫೋಟೊ ತೆಗೆದು ಹಾಕುತ್ತಿದ್ದರು, ಯಾರಿಗೂ ಅನುಮಾನ ಬರಬಾರದೆಂದು.

ಆ ತರಗತಿಯಲ್ಲೂ ಈ ಗುಂಪಿನಲ್ಲೂ ತನುಜಳ ಎದುರಿಗೆ ನಿಲ್ಲುತ್ತಿದ್ದವನು ಮುರಳಿಮೋಹನ್. ಒಳ್ಳೆಯ ಕಂಠದವನು. ಓದು ಮುಗಿಯುತ್ತಲೇ ಊರಿನ ಕೇಬಲ್ ಚಾನೆಲ್‌ನಲ್ಲಿ ಸಂಜೆಯ ಸುದ್ದಿ ಓದುವ ಕೆಲಸ ಸಿಕ್ಕಿತ್ತು. ನೀರು ಬಿಡುವ ದಿನ, ಕರೆಂಟು ಹೋಗುವ ವೇಳೆ, ಕಳೆದುಹೋದ ಹಸು, ತೀರಿಕೊಂಡವರು, ಎಲ್ಲವನ್ನೂ ಊರು ಅವನ ಬಾಯಲ್ಲೇ ಕೇಳುತ್ತಿತ್ತು. ಗುಂಪಿನಲ್ಲಿ ಅವನು ತನುಜಳ ಮಾತನ್ನು ಸಾಲು ಸಾಲಾಗಿ ಎತ್ತಿಕೊಂಡು ಹರಿದುಹಾಕುತ್ತಿದ್ದ. "ನಿನ್ನ ಎರಡನೇ ಸಾಲು ಮೊದಲನೇ ಸಾಲನ್ನ ನೋಡೇ ಇಲ್ಲ ಕಣಮ್ಮ, ಪರಿಚಯ ಮಾಡ್ಸು" ಎಂದು ಬರೆಯುತ್ತಿದ್ದ. ಅವಳಿಗೆ ಸಿಟ್ಟು ಬರುತ್ತಿತ್ತು. ಅನ್ನಕ್ಕೆ ಇಟ್ಟ ನೀರು ಇಂಗುವವರೆಗೂ ಉತ್ತರ ಹುಡುಕುತ್ತಿದ್ದಳು. ತನ್ನೊಳಗೆ ಇವೆ ಎಂದು ಅವಳಿಗೇ ತಿಳಿಯದಿದ್ದ ಮಾತುಗಳು ಆಗ ಬರುತ್ತಿದ್ದವು. ಅವನು ಎದುರಿಗೆ ಇಲ್ಲದಾಗ ಅವು ಬರುತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲಿನ ಶನಿವಾರ ಮೇಷ್ಟ್ರು ಇಟ್ಟ ವಿಷಯ, ಸುದ್ದಿ ಓದಲು ಮನುಷ್ಯನೇ ಬೇಕೆ, ಕಂಪ್ಯೂಟರ್ ಧ್ವನಿ ಸಾಲದೆ ಎಂದು. ಮನುಷ್ಯನೇ ಬೇಕು ಎಂಬ ಚೀಟಿ ಮುರಳಿಗೆ ಬಂತು, ಯಂತ್ರ ಸಾಕು ಎಂಬುದು ತನುಜಳಿಗೆ. ಮುರಳಿ ಎಂದಿನಂತೆ ತಮಾಷೆಯಿಂದ ಶುರುಮಾಡಲಿಲ್ಲ. ಉದ್ದುದ್ದ ಬರೆದ. ಒಬ್ಬರು ಸತ್ತ ಸುದ್ದಿ ಓದುವವನಿಗೆ ಆ ಮನೆಯ ಬಾಗಿಲು ಗೊತ್ತಿರಬೇಕು ಎಂದ. ನೀರು ಬರುತ್ತದೆ ಎಂದು ಹೇಳುವವನು ಒಂದು ದಿನವಾದರೂ ಕೊಡ ಹಿಡಿದು ಕಾದಿರಬೇಕು ಎಂದ. ತನುಜ ಬಸ್ ಸ್ಟ್ಯಾಂಡಿನಲ್ಲಿ ನಿಂತು ಓದಿದಳು. ಮಾತು ಚೆನ್ನಾಗಿದೆ ಅನಿಸಿತು. ಚೆನ್ನಾಗಿದ್ದುದಕ್ಕೇ ಅದನ್ನು ಉರುಳಿಸುವ ಆಸೆಯಾಯಿತು. ಒಂದೇ ಸಾಲು ಬರೆದಳು: "ಊರಿಗೆ ಬೇಕಾಗಿರೋದು ಸುದ್ದಿ ಮುರಳಿ, ನಿನ್ನ ಗಂಟಲಲ್ಲ."

ಗುಂಪೆಲ್ಲ ನಕ್ಕಿತು. ಅಳುವಷ್ಟು ನಗುವ ಮುಖಗಳು ಒಂದರ ಕೆಳಗೊಂದು ಬಂದವು. ಯಾರೋ ಆ ಸಾಲಿಗೆ ಬಣ್ಣ ಹಾಕಿ ಸ್ಟಿಕ್ಕರ್ ಮಾಡಿಯೇಬಿಟ್ಟರು. ಅವಳು ಬಸ್ಸಿನಲ್ಲಿ ಕೂತು ಅವನ ಉತ್ತರಕ್ಕೆ ಕಾದಳು. ನಗುವ ಮುಖಗಳ ಕೆಳಗೆ ಮುರಳಿಮೋಹನ್ ಗುಂಪು ಬಿಟ್ಟರು ಎಂಬ ಬೂದು ಬಣ್ಣದ ಸಾಲು ಬಂತು.

ಅದೂ ಅವನ ತಮಾಷೆಯೇ ಇರಬೇಕು ಎಂದುಕೊಂಡಿದ್ದಳು. ಸೋಮವಾರ ಪಕ್ಕದ ಮನೆಯ ಕೊಂಡಮ್ಮನಿಗೆ ಪಾತ್ರೆ ವಾಪಸು ಕೊಡಲು ಹೋದಾಗ ಟಿವಿಯಲ್ಲಿ ಊರಿನ ಸುದ್ದಿ ಬರುತ್ತಿತ್ತು. ಮುರಳಿ ಕೂರುವ ಜಾಗದಲ್ಲಿ ರೇಷ್ಮೆ ಸೀರೆಯುಟ್ಟ ಒಂದು ಹುಡುಗಿ, ಪ್ರತಿ ವಾಕ್ಯಕ್ಕೂ ಒಂದೇ ತರ ಕೈ ಆಡಿಸುತ್ತಿದ್ದಳು.

"ಮುರಳೀನ ತೆಗ್ದುಬಿಟ್ರಂತಲ್ಲೇ ತನುಜ, ಹಬ್ಬದ ಮುಂಚೇನೇ," ಎಂದರು ಕೊಂಡಮ್ಮ. "ಹಬ್ಬಕ್ಕೆ ರಜಾ ಹಾಕಿದಾನೆ ಅಂದ್ಕೊಂಡಿದ್ವಿ ಎಲ್ರೂ. ಈ ಹುಡುಗಿ ಸಂಬಳ ಕೇಳಲ್ವಂತೆ, ರಜಾನೂ ಕೇಳಲ್ವಂತೆ. ಕಂಪ್ಯೂಟ್ರಲ್ಲಿ ಮಾಡಿರೋ ಗೊಂಬೆಯಂತೆ. ನೋಡು ಎಷ್ಟು ಲಕ್ಷಣವಾಗಿದಾಳೆ."

ಅವತ್ತಿನಿಂದ ತನುಜ ಅವನಿಗೆ ಕಳಿಸಿದ ಸಂದೇಶಗಳಿಗೆ ನೀಲಿ ಗುರುತು ಬೀಳುತ್ತಿತ್ತು, ಉತ್ತರ ಬರುತ್ತಿರಲಿಲ್ಲ. ಚೀಟಿ ಬಂದದ್ದು ಹಾಗೆ ಎಂದು ಬರೆದಳು. ಅದು ತಪ್ಪಿಸಿಕೊಳ್ಳುವ ಮಾತಾಯಿತು ಅನಿಸಿ ಅಳಿಸಿದಳು. ನನಗೆ ಗೊತ್ತಿರಲಿಲ್ಲ ಎಂದು ಬರೆದಳು. ಗೊತ್ತಿದ್ದರೆ ಬರೆಯುತ್ತಿರಲಿಲ್ಲವೇ ಎಂದು ತನ್ನನ್ನೇ ಕೇಳಿಕೊಂಡು ಅದನ್ನೂ ಅಳಿಸಿದಳು.

ಹಿತುಕಿದ ಬೇಳೆ ಸಾರು ಮಾಡಿದ ಮಾರನೆಯ ಬೆಳಿಗ್ಗೆ ಅವಳು ಮೇಷ್ಟ್ರಿಗೆ ಫೋನು ಮಾಡಿದಳು.

"ಸರ್, ನಂಗಿನ್ನು ಚೀಟಿ ಎತ್ತಬೇಡಿ. ನಾನು ಬರೆಯಲ್ಲ."

"ಮುರಳಿ ವಿಷಯಾನಾ?" ಎಂದರು ಮೇಷ್ಟ್ರು. "ಹೇಳಬಾರ್ದು ಅಂದ್ಕೊಂಡಿದ್ದೆ ಕಣಮ್ಮ. ಆ ವಿಷಯ ಇಡಿ ಸರ್ ಅಂತ ಕೇಳಿದ್ದು ಅವನೇ. ತನಗೆ ಬೇಕಾದ ಕಡೆ ಚೀಟೀನೇ ಬಂದಾಗ ಫೋನ್ ಮಾಡಿ ನಕ್ಕಿದ್ದ. ಎದುರಿಗೆ ತನುಜ, ಇನ್ನೇನ್ ಬೇಕು ಸರ್ ಅಂದಿದ್ದ."

"ಈಗೆಲ್ಲಿದಾನೆ ಸರ್?"

"ಮುರುಗಮಲ್ಲದಲ್ಲಿ. ಬಾಮೈದನ ಅಂಗಡೀಲಿ ಕೂರ್ತಾನಂತೆ."

ಸಿದ್ಧಾರ್ಥ್ ಸ್ಕೂಟರಿನಲ್ಲಿ ಬಿಡುತ್ತೇನೆ ಎಂದ. ಬೇಡ, ಬಸ್ಸಿದೆ ಎಂದಳು. ಸರಿ, ಬಸ್ಸೇ ಒಳ್ಳೆಯದು ಎಂದ.

ಭಾನುವಾರವಾದ್ದರಿಂದ ಮುರುಗಮಲ್ಲದ ಬಸ್ಸು ತುಂಬಿತ್ತು. ದರ್ಗಾಕ್ಕೆ ಹರಕೆ ಹೊತ್ತು ಆಂಧ್ರದ ಕಡೆಯಿಂದ ಬಂದವರು, ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡವರು. ದಾರಿಯುದ್ದಕ್ಕೂ ಅವಳು ಏನು ಹೇಳಬೇಕೆಂದು ಜೋಡಿಸುತ್ತಾ ಹೋದಳು. ಹಿಪ್ಪುನೇರಳೆ ತೋಟಗಳು, ಕೋಲು ನೆಟ್ಟ ಟೊಮೇಟೊ ಸಾಲುಗಳು ಹಿಂದೆ ಹೋದವು. ಇಳಿದಾಗ ಜೋಡಿಸಿದ್ದೆಲ್ಲ ಮರೆತಿತ್ತು.

ಅಂಗಡಿ ಯಾವುದೆಂದು ಕೇಳಬೇಕಾಗಲಿಲ್ಲ. ಧ್ವನಿ ಮೊದಲೇ ಕೇಳಿಸಿತು.

"ಚೆಪ್ಪುಲು ಇಕ್ಕಡ ಪೆಟ್ಟಂಡಮ್ಮಾ! ಪೂಲು ಇಕ್ಕಡೇ! ಚಪ್ಪಲಿ ಇಲ್ಬಿಡಿ, ಹೂ ಇಲ್ತಗೊಳ್ಳಿ!"

ಒಂದು ಅಕ್ಷರವೂ ನುಂಗದ, ತೂಕವಾದ ಅದೇ ಧ್ವನಿ. ಗುಲಾಬಿ ಬುಟ್ಟಿ, ಊದುಬತ್ತಿ, ಸಕ್ಕರೆ ಬತಾಸಿನ ರಾಶಿಯ ಹಿಂದೆ ಮುರಳಿ ನಿಂತಿದ್ದ. ಅವಳನ್ನು ನೋಡಿ ಕರೆಯುವುದು ನಿಲ್ಲಿಸಿದ. ಬಾಮೈದ ಮೋಹನ್‌ಬಾಬು ಅವನಿಂದ ಅವಳ ಕಡೆ, ಅವಳಿಂದ ಅವನ ಕಡೆ ನೋಡಿದ.

"ಬನ್ನಿ ಮೇಡಂ, ನಮ್ ಬಾವನ ನ್ಯೂಸ್ ಕೇಳಕ್ಕೆ ಬಂದ್ರಾ? ಈಗ ಚಪ್ಪಲಿ ಹೆಡ್‌ಲೈನ್ಸ್ ಓದ್ತಾವ್ರೆ. ಸ್ಪಾನ್ಸರ್ ನಾನೇ."

"ಸುಮ್ನಿರೋ ಲೇ. ಆ ಹೂವಿಗೆ ನೀರು ಚಿಮ್ಸು," ಎಂದ ಮುರಳಿ. "ಬಾಮ್ಮ ತನುಜ. ಟೀ ಕುಡಿಯಣ."

ಪಕ್ಕದ ಟೀ ಅಂಗಡಿಯ ಬೆಂಚಿನ ಮೇಲೆ ಕೂತರು. ಅವನು ಸ್ವಲ್ಪ ಇಳಿದಿದ್ದ. ಟಿವಿಗೆಂದು ದಿನಾ ಕ್ಷೌರ ಮಾಡಿಕೊಳ್ಳುತ್ತಿದ್ದ ಗಲ್ಲದಲ್ಲಿ ಬಿಳಿ ಗಡ್ಡ ಕಾಣುತ್ತಿತ್ತು.

"ವಿಷಯ ನೀನೇ ಕೇಳಿದ್ಯಂತೆ," ಎಂದಳು ತನುಜ. "ಕೆಲಸ ಹೋಗಿದೆ ಅಂತ ಒಂದು ಮಾತು ಹೇಳಿದ್ರೆ ನಾನು..."

"ಬಿಟ್ಟುಕೊಡ್ತಿದ್ದೆ. ಅದಕ್ಕೇ ಹೇಳಲಿಲ್ಲ." ಅವನು ಟೀ ಊದಿದ. "ನಿನ್ನೆದುರು ಗೆದ್ರೆ, ಅದೇ ಮಾತನ್ನ ತಗೊಂಡು ಹೋಗಿ ಚಾನೆಲ್ ಓನರ್ ಸುನೀಲ್‌ಕುಮಾರ್ ಮುಂದೆ ಇಡಣ ಅಂತಿದ್ದೆ. ಇನ್ನೊಂದ್ಸಲ ಕೇಳಿ ನೋಡಣ ಅಂತ. ಸೋಮವಾರ ಬಾ ಅಂದಿದ್ದ ಅವನು. ಇಸ್ತ್ರಿ ಮಾಡಿದ ಶರ್ಟೂ ಇತ್ತು."

"ಹೋದ್ಯಾ?"

"ಇಲ್ಲ. ನಿನ್ ಮಾತಿಗೇ ಉತ್ತರ ಸಿಗಲಿಲ್ವಲ್ಲ."

ತನುಜ ಲೋಟ ಕೆಳಗಿಟ್ಟಳು. "ಅದು ನನ್ ಮಾತಲ್ಲ ಮುರಳಿ. ಚೀಟೀದು."

"ಯಾರದ್ದಾದ್ರೇನು? ನೀನ್ ಹೇಳಿದ್ದು ಸರಿ ಕಣಮ್ಮ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನೋವೂ ಇದ್ದಂತಿರಲಿಲ್ಲ. ಆ ಮಾತನ್ನು ಅವನ ಬಾಯಲ್ಲಿ ಅವಳು ಯಾವತ್ತೂ ಕೇಳಿರಲಿಲ್ಲ. ಅವನು ಬೈಯಬಹುದು, ಎದ್ದು ಹೋಗಬಹುದು ಎಂದೆಲ್ಲ ಹೆದರಿ ಬಂದಿದ್ದಳು. ಇದಕ್ಕೆ ಹೆದರಬೇಕೆಂದು ಹೊಳೆದಿರಲಿಲ್ಲ.

"ಗುಂಪಿಗೆ ವಾಪಸ್ ಬಾ. ರಮೇಶ್‌ಬಾಬು ಜೊತೆ ನಂಗಾಗಲ್ಲ. ಬರೀ ಕೈಮುಗೀತಾರೆ."

"ಒಳ್ಳೆ ಮನುಷ್ಯ ಅವರು."

"ಮಕ್ಕಳಿಗೆಲ್ಲ ಮೊಬೈಲ್ ಕೊಡ್ಬೇಕು ಅಂತ ಬರ್ದೆ ನಿನ್ನೆ," ಎಂದು ಕೆಣಕಿದಳು.

"ಕೊಟ್ರೆ ಕಲೀತಾರೆ."

"ಪೇಪರ್ರೂ ಇನ್ ಬೇಡ ಅನ್ಸುತ್ತೆ ನಂಗೆ. ನಿಲ್ಸಿಬಿಡಣ ಅಂತಿದೀನಿ. ಎಲ್ಲ ಮೊಬೈಲಲ್ಲೇ ಬರುತ್ತೆ."

"ಹೂಂ. ನಾನೂ ನಿಲ್ಲಿಸಿದೆ."

ಅಂಗಡಿಯಿಂದ ಮೋಹನ್‌ಬಾಬು ಕೂಗಿದ. ಬಸ್ಸಿನಿಂದ ಜನ ಇಳಿಯುತ್ತಿದ್ದರು. ಮುರಳಿ ಎದ್ದ. ಅವನು ಬತಾಸು ತೂಗಿ ಕೊಡುವುದನ್ನು, ಚಪ್ಪಲಿಗಳನ್ನು ಜೋಡಿ ಜೋಡಿಯಾಗಿ ಒಳಗೆ ಸರಿಸುವುದನ್ನು ತನುಜ ನಿಂತು ನೋಡಿದಳು. ಯಾರೋ ಮುದುಕಿ ಏನೋ ಚೌಕಾಸಿ ಮಾಡಿದಳು. ಅವನು ಮರುಮಾತಿಲ್ಲದೆ ಅವಳು ಕೇಳಿದಷ್ಟು ಹೂವು ಕೊಟ್ಟ.

ಚಿಂತಾಮಣಿಯ ಬಸ್ಸು ತಿರುಗಿ ನಿಂತಿತು. ಮುರಳಿ ಅವಳ ಮಗಳಿಗೆಂದು ಬತಾಸಿನ ಪೊಟ್ಟಣ ತಂದುಕೊಟ್ಟ. ಸಿದ್ಧಾರ್ಥನನ್ನು ಕೇಳಿದೆನೆಂದು ಹೇಳು ಎಂದ. ತನುಜ ಒಂದು ಕಾಲು ಮೆಟ್ಟಿಲ ಮೇಲಿಟ್ಟು ತಿರುಗಿದಳು.

"ಆ ಹುಡುಗಿ ನಿನಗಿಂತ ಚೆನ್ನಾಗಿ ಓದ್ತಾಳೆ ಮುರಳಿ."

"ಯಾವ ಹುಡುಗಿ?"

"ಟಿವಿ ಹುಡುಗಿ. ಮೊನ್ನೆ ಯಾರೋ ತೀರ್ಕೊಂಡಿದ್ದು ಓದಿದ್ಲು. ಎಲ್ಲೂ ನಿಲ್ಲಿಸಲೇ ಇಲ್ಲ. ಹೆಸರು ಹೇಳಿ, ಅದೇ ಉಸಿರಲ್ಲಿ ನೀರಿನ ಸುದ್ದಿಗೆ ಹೋದ್ಲು. ನೀನಾಗಿದ್ರೆ ಸುಮ್ನೆ ಎಳೀತಿದ್ದೆ."

ಹೇಳುತ್ತಿದ್ದಂತೆ ಅವಳಿಗೆ, ಇಂಥ ಮಾತನ್ನು ಎರಡನೇ ಸಲ ಹೇಳುತ್ತಿದ್ದೇನೆ, ಈ ಸಲ ಚೀಟಿಯೂ ಇಲ್ಲ ಎಂದು ಭಯವಾಯಿತು. ಮುರಳಿ ಅವಳನ್ನೇ ನೋಡುತ್ತಿದ್ದ. ಕಂಡಕ್ಟರು, "ಒಳಗ್ ನಡೀರಮ್ಮ, ಬಾಗ್ಲಲ್ಲಿ ಏನ್ ಸಭೆ?" ಎಂದು ಅವಳನ್ನು ಒಳಗೆ ದಬ್ಬಿ ಸೀಟಿ ಊದಿದ.

ಅವಳಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕೂರುವಷ್ಟರಲ್ಲಿ ಮುರಳಿ ಬಸ್ಸನ್ನು ಸುತ್ತಿಕೊಂಡು ಈ ಕಡೆಗೆ ಬಂದಿದ್ದ. ಕಿಟಕಿಯ ಕೆಳಗೆ ನಿಂತು ಮಾತಾಡುತ್ತಿದ್ದ. ಅವನ ಮುಖ ಕೆಂಪಾಗಿತ್ತು. ತನುಜ ಗಾಜು ಸರಿಸಲು ನೋಡಿದಳು. ಅದು ಕಚ್ಚಿಕೊಂಡಿತ್ತು. ಎರಡೂ ಕೈಯಲ್ಲಿ ತಳ್ಳಿದರೂ ಜಗ್ಗಲಿಲ್ಲ. ಎಂಜಿನ್ನಿನ ಗದ್ದಲದಲ್ಲಿ ಅವನ ಒಂದು ಮಾತೂ ಕೇಳಿಸುತ್ತಿರಲಿಲ್ಲ. ಬಸ್ಸು ಹೊರಟಿತು. ಅವನು ಪಕ್ಕದಲ್ಲೇ ನಡೆಯುತ್ತಾ, ಒಂದೊಂದೇ ಬೆರಳು ಮಡಿಸಿ ಏನನ್ನೋ ಎಣಿಸಿ ತೋರಿಸುತ್ತಿದ್ದ.

ಧೂಳು ಹಿಡಿದ ಗಾಜಿಗೆ ಹಣೆ ಒತ್ತಿ, ಅವನಿಗೆ ಕಾಣುವ ಹಾಗೆ ತನುಜ ಒಪ್ಪಲ್ಲ, ಒಪ್ಪಲ್ಲ ಎಂದು ತಲೆಯಾಡಿಸತೊಡಗಿದಳು.