ಹೊಳೆಯುವ ಪಟ್ಟಿ

ನಮ್ಮ ಭಾವನಿಗೆ ಹೊಳಪಿನ ಹುಚ್ಚು. ಬೂಟು ಹೊಳೆಯಬೇಕು, ತಲೆಗೂದಲು ಹೊಳೆಯಬೇಕು, ಕೊನೆಗೆ ನೀರಿನಲ್ಲಿ ಸೀಸ ಪತ್ತೆ ಹಚ್ಚುವ ಇಂಗಾಲದ ಪಟ್ಟಿಯೂ ಹೊಳೆಯಬೇಕಂತೆ. ಇಂಥ ಮಹಾನುಭಾವನ ಶೆಡ್ಡಿನಲ್ಲಿ, ರಸಾಯನಶಾಸ್ತ್ರ ಓದಿದ ನಾನು ಮಸಿ ಕಲೆಸುತ್ತಿದ್ದೆ. ನನ್ನ ಕರ್ಮ!

ಕೆಲಸವೇನೋ ಸುಲಭ. ಗ್ರಾಫೈಟ್ ಪುಡಿಗೆ ನೈಲ್ ಪಾಲಿಶ್ ಬೆರೆಸಿದರೆ ಕಪ್ಪು ಮಸಿ. ತೆಳು ಪ್ಲಾಸ್ಟಿಕ್ ಹಾಳೆಗೆ ಗೆರೆ ಕೊರೆದ ಸ್ಟಿಕ್ಕರ್ ಅಂಟಿಸಿ, ಹಳೆಯ ಬ್ಯಾಂಕ್ ಕಾರ್ಡಿನಿಂದ ಮಸಿ ಎಳೆದು, ಸ್ಟಿಕ್ಕರ್ ಕಿತ್ತು ಒಣಗಿಸಿ ಕತ್ತರಿಸಿದರೆ ಪಟ್ಟಿ ಸಿದ್ಧ. ಮೀಟರಿಗೆ ಸಿಕ್ಕಿಸಿ ನೀರಿಗೆ ಅದ್ದುವುದು, ಒಮ್ಮೆ ಬಳಸಿ ಎಸೆಯುವುದು. ಸೀಸವಿದ್ದರೆ ಕರೆಂಟ್ ಹರಿದು ಕೆಂಪು ದೀಪ, ಹರಿಯದಿದ್ದರೆ ಹಸಿರು.

ಗ್ರಾಫೈಟ್ ಮಂಕು, ಪಾಲಿಶಿಗೆ ಮಿರಿಮಿರಿ ಹೊಳಪು. ಭಾವ ಪಟ್ಟಿ ನೋಡಿ ಮೂಗು ಮುರಿದ.

"ಏನೇ ಇದು, ಹಂಚಿನ ತಳದ ಹಾಗಿದೆ! ಪಾಲಿಶ್ ಜಾಸ್ತಿ ಹಾಕು."

"ಜಾಸ್ತಿ ಆದ್ರೆ ಕರೆಂಟೇ ಹರಿಯಲ್ಲ ಭಾವ. ಸೀಸ ಇದ್ರೂ ಹಸಿರೇ ತೋರ್ಸತ್ತೆ."

"ಹಸಿರು ಬಂದ್ರೆ ಯಾರಿಗೆ ಬೇಜಾರು ಹೇಳು?" ಎಂದು ಹಲ್ಲು ಕಿರಿದ. ಮಸಿಯ ಡಬ್ಬಿಗೆ ತಾನೇ ಪಾಲಿಶ್ ಸುರಿದ. ಸೀಸ ಬೆರೆಸಿದ ನೀರಿನಲ್ಲಿ ಪಟ್ಟಿಗಳನ್ನು ಪರೀಕ್ಷಿಸುವುದನ್ನೂ ದಂಡ ಎಂದು ನಿಲ್ಲಿಸಿದ. ತಲೆಯಲ್ಲಿ ಮಿದುಳಿದ್ದ ಜಾಗದಲ್ಲೂ ಪಾಲಿಶೇ ತುಂಬಿರಬೇಕು.

ಅವನ ಹಾಳು ವ್ಯಾಪಾರ ಹಾಳಾಗಿ ಹೋಗಲಿ ಎಂದು ಸುಮ್ಮನಿರಬಹುದಿತ್ತು. ಆದರೆ ಅವರ ಮನೆಯ ನಲ್ಲಿಗೆ ಓಬೀರಾಯನ ಕಾಲದ ಸೀಸದ ಪೈಪು. ಅಕ್ಕ ಕೂಸಿಗೆ ಹಾಲಿನ ಪುಡಿ ಕಲೆಸುವುದು ಆ ನೀರಿನಲ್ಲೇ. ಬೇರೆ ನೀರು ತರಿಸು ಎಂದು ಹೇಳಿ ಹೇಳಿ ನನ್ನ ಬಾಯಿ ನೋಯಿತು.

"ಅವ್ರೇ ಪಟ್ಟಿ ಅದ್ದಿ ನೋಡಿದ್ರಲ್ಲೇ, ಹಸಿರು ಬಂತು. ನಿಂಗೆ ಅವ್ರನ್ನ ಕಂಡ್ರೆ ಆಗಲ್ಲ, ಅಷ್ಟೇ," ಎಂದಳು ಅಕ್ಕ.

ಆಗುವುದಿಲ್ಲ, ನಿಜ. ಅದಕ್ಕೂ ಕೂಸಿನ ಹೊಟ್ಟೆಗೂ ಏನು ಸಂಬಂಧ? ನನಗೆ ಮೈಯೆಲ್ಲ ಉರಿಯಿತು.

ಪಟ್ಟಿ ಕೊಳ್ಳುವ ವ್ಯಾಪಾರಿ ಮನೆಗೆ ಬಂದ ದಿನ, ನೀರು ತಾ ಎಂದು ಭಾವನ ಅಪ್ಪಣೆಯಾಯಿತು. ಶೆಡ್ಡಿನಿಂದ ತಂದಿದ್ದ ಸೀಸದ ಉಪ್ಪನ್ನು ಲೋಟದ ನೀರಿಗೆ ಹಾಕಿ, ಚೆನ್ನಾಗಿ ಕಲಕಿ, ಮೇಜಿನ ಮೇಲಿಟ್ಟೆ. ಭಾವ ಪಟ್ಟಿ ಅದ್ದಿದ. ಹಸಿರು.

"ನೋಡಿ ಸಾರ್, ಅಮೃತ!"

"ಅಮೃತ ಅಲ್ಲ, ವಿಷ," ಎಂದೆ. "ಈಗ ತಾನೇ ನಾನೇ ಸೀಸದ ಉಪ್ಪು ಕಲಕಿ ತಂದಿದ್ದೀನಿ."

ವ್ಯಾಪಾರಿ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡ. ಭಾವನ ಮುಖ ಕಪ್ಪಿಟ್ಟಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ.

"ಹೊಟ್ಟೆಕಿಚ್ಚು ಸಾರ್ ಇವಳಿಗೆ. ಬರೀ ಸುಳ್ಳು." ಇನ್ನೊಂದು ಪಟ್ಟಿ ಅದ್ದಿದ. ಮತ್ತೆ ಹಸಿರು. "ನೋಡಿದ್ರಾ? ಶುದ್ಧವಾದ ನೀರು!"

ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದ ಅಕ್ಕ ಸೀದಾ ಮೇಜಿನ ಹತ್ತಿರ ಬಂದಳು. ಲೋಟವನ್ನು ಗಂಡನ ಮುಂದಕ್ಕೆ ತಳ್ಳಿದಳು.

"ಶುದ್ಧ ತಾನೇ? ಕುಡೀರಿ."

ಎಲ್ಲಿ ಕುಡಿದುಬಿಡುತ್ತಾನೋ ಎಂದು ಲೋಟ ಕಿತ್ತುಕೊಳ್ಳಲು ನಾನು ಕೈ ಚಾಚಿದೆ. ಸುಮ್ಮನೆ ಹೆದರಿದ್ದೆ. ಭಾವ ವ್ಯಾಪಾರಿಯನ್ನು ನೋಡಿದ, ನನ್ನನ್ನು ನೋಡಿದ, ಲೋಟವನ್ನು ಮಾತ್ರ ಬೆರಳಿನಿಂದಲೂ ಮುಟ್ಟಲಿಲ್ಲ.

ಅಕ್ಕ ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು.

"ಕೂಸಿಗಾದ್ರೆ ಕುಡಿಸ್ಬಹುದಾಗಿತ್ತಾ?"