ಮೀನಿನ ನೀರು

"ಕೈ ತೆಗಿಯೋ! ಹೇಲು ಬಾಚೋ ಕೈ ತಂದು ನನ್ನ ಮೀನಿನ ತೊಟ್ಟಿಗೆ ಅದ್ದಿದೀಯಲ್ಲ, ಮಾನ ಮರ್ಯಾದೆ ಏನಾದ್ರೂ ಇದೆಯೇನೋ ನಿಂಗೆ?"

ನಮ್ಮ ಮ್ಯಾನೇಜರ್ ಟೈ ಸಾಹೇಬರ ಕೂಗು ಹಜಾರದ ಗಾಜಿಗೆಲ್ಲ ಬಡಿದು ತಿರುಗಿ ಬಂತು. ಊರಿನ ಕೊಳಚೆಯನ್ನೆಲ್ಲ ತೊಳೆದು ನೀರು ಮಾಡುವ ಘಟಕದ ಮುಂದಿನ ಹಜಾರ ಅದು. ಕೊಳಚೆಯಿಂದ ಕಸ ಸೋಸುವ ಜರಡಿ ಗುಂಡಿಯವರು, ಪಂಪಿನವರು, ಕಸ ಗುಡಿಸುವವರು, ನಮ್ಮನ್ನೆಲ್ಲ ಗೋಡೆಗೆ ಸಾಲಾಗಿ ನಿಲ್ಲಿಸಿದ್ದರು. ಮಾರನೆಯ ದಿನ ಮೇಲಿನವರು ನೋಡಲು ಬರುವವರಿದ್ದರು. ಎಲ್ಲಿ ನಿಲ್ಲಬೇಕು, ಯಾವಾಗ ಕೈ ಮುಗಿಯಬೇಕು, ಯಾವಾಗ ನಗಬೇಕು ಅಂತ ನಮಗೆ ತಾಲೀಮು ನಡೆಯುತ್ತಿತ್ತು. ಹೂವಿನ ಕುಂಡ ಇಳಿಸುತ್ತಿದ್ದವನು, ಆಫೀಸಿನ ಹೆಣ್ಣುಮಕ್ಕಳು, ಏಣಿ ಹತ್ತಿ ಬೋರ್ಡು ಬಡಿಯುತ್ತಿದ್ದ ಬಡಗಿ, ಎಲ್ಲರೂ ಕೆಲಸ ಬಿಟ್ಟು ತಿರುಗಿದರು.

ಬೈಸಿಕೊಂಡವನು ಬಾಯ್ಬಡಕ. ಆ ಹೆಸರಿಟ್ಟವರು ನಾವೇ. ಯಾರು ಏನಂದರೂ ತಿರುಗಿ ಒಂದು ಮಾತು ಕೊಡದೆ ಬಿಟ್ಟವನಲ್ಲ. ಮೇಷ್ಟರಿಗೆ ಎದುರುತ್ತರ ಕೊಟ್ಟೇ ಶಾಲೆಯಿಂದ ಆಚೆ ಬಿದ್ದವನು.

ತೊಟ್ಟಿಯಿಂದ ಕೈಯನ್ನು ನಿಧಾನವಾಗಿ ಎತ್ತಿದ. ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಗಾಜು ಒಳಗಿಂದ ಒರೆಸು ಅಂದೋರು ನೀವೇ ಅಲ್ವಾ ಸಾರ್? ಕೈ ಮನೇಲಿಟ್ಟು ಬರ್ಬೇಕಿತ್ತಾ?"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವನಿಗೆ ಅಷ್ಟೇ ಸಾಕಾಯಿತು. ಕತ್ತು ಎತ್ತಿ ಬೋರ್ಡಿನ ಕಡೆ ತೋರಿಸಿದ. 'ಈ ಮೀನುಗಳು ನಮ್ಮ ಘಟಕದ ಶುದ್ಧೀಕರಿಸಿದ ನೀರಿನಲ್ಲಿ ಬದುಕುತ್ತಿವೆ' ಅಂತ ದಪ್ಪಕ್ಷರ.

"ಅಲ್ಲಿ ಏನ್ ಬರ್ಸಿದೀರ ಸಾರ್? ಹೇಲಿನ ನೀರಲ್ಲೇ ಬದುಕಿದಾವೆ ಅಂತ ತಾನೆ? ಹಂಗಾದ್ಮೇಲೆ ಹೇಲಿನ ಕೈ ಬಿದ್ರೆ ಯಾಕೆ ಸಾಯ್ತವೆ?"

ಈ ಸಲ ಯಾರೂ ನಗಲಿಲ್ಲ. ಟೈ ಸಾಹೇಬರು ಮೂಗಿಗೆ ಕರ್ಚೀಫು ಹಿಡಿದುಕೊಂಡು ಅವನ ಹತ್ತಿರ ಬಂದರು.

"ಸೋಪು ಹಚ್ಚಿ ತಿಕ್ಕೊಂಡು ಬಾ. ಎಲ್ಲರ ಮುಂದೆ ತೋರ್ಸು."

ಮೂಲೆಯ ಬೇಸಿನ್ನಿನಲ್ಲಿ ತಿಕ್ಕಿ ಬಂದ. ಸಾಹೇಬರು ನೋಡಲೂ ಇಲ್ಲ, ನಮ್ಮ ಸಾಲಿನಲ್ಲಿದ್ದ ಮುದುಕನಿಗೆ ಬೆರಳು ಮಾಡಿದರು. ನಾವೆಲ್ಲ ಮಾವ ಅಂತ ಕರೆಯುವವರು ಅವರು. ಕೂದಲೆಲ್ಲ ಬೆಳ್ಳಗಾಗುವವರೆಗೂ ಗುಂಡಿಯಲ್ಲೇ ದುಡಿದವರು.

"ಲೇ ಮುದುಕ, ಮೂಸಿ ನೋಡೋ. ವಾಸನೆ ಹೋಯ್ತಾ?"

ಮಾವ ಸಾಲಿನಿಂದ ಮುಂದೆ ಬಂದರು. ಆಮೇಲೆ ಬಗ್ಗಿ, ಮಗನ ವಯಸ್ಸಿನವನ ಎರಡೂ ಅಂಗೈ ಮೂಸಿದರು.

"ಹೋಯ್ತು ಸಾರ್."

"ಕೇಳಿಸ್ಲಿಲ್ಲ."

"ಹೋಯ್ತು ಸಾರ್!"

"ನಾಳೆ ಮೇಲಿನೋರ ಮುಂದೆ ನಿನ್ನ ಬಾಯಿಂದ ಒಂದಕ್ಷರ ಬಿತ್ತೋ," ಸಾಹೇಬರು ಬಾಯ್ಬಡಕನಿಗೆ ಹೇಳಿದರು, "ಸಂಜೆಯೊಳಗೆ ಮನೆ ಖಾಲಿ. ನೀನು, ನಿನ್ನ ಹೆಂಡ್ತಿ, ಆ ಪಿಳ್ಳೆ, ಪಾತ್ರೆ ಪಡಗ ಎಲ್ಲ ಬೀದೀಲಿ. ಬೋಳಿಮಗನೇ, ತಿಳೀತಾ?"

ಆ ತೊಟ್ಟಿಯ ವಿಷಯ ನಮಗೆಲ್ಲ ಗೊತ್ತಿದ್ದದ್ದೇ. ತೊಟ್ಟಿ ಬಂದ ಹೊಸತರಲ್ಲಿ ನಿಜವಾಗಿಯೂ ಘಟಕದ ನೀರನ್ನೇ ತುಂಬಿದ್ದರು. ಬೆಳಗಾಗುವುದರೊಳಗೆ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲಿದವು. ಬೇರೆ ಮೀನು ತಂದರು, ಅವೂ ಹೋದವು. ಅವತ್ತಿನಿಂದ ಮೀನಿಗೆ ಸಿಹಿನೀರಿನ ಕ್ಯಾನು ಬರತೊಡಗಿತು. ಕ್ಯಾನಿನ ಗಾಡಿ ನಮ್ಮ ಬೀದಿಯ ಕೊನೆಗೆ ಬಂದು ನಿಲ್ಲುತ್ತಿತ್ತು. ಅಲ್ಲಿಂದ ಹೊತ್ತು, ಹಿಂಬಾಗಿಲಲ್ಲಿ ಒಳಗೆ ತಂದು, ಯಾರ ಕಣ್ಣಿಗೂ ಬೀಳದ ಹಾಗೆ ತೊಟ್ಟಿಗೆ ಸುರಿಯುವುದು ಬಾಯ್ಬಡಕನ ಕೆಲಸ.

ಸರ್ಕಾರ ಹೊಸ ನೀತಿ ತಂದಿತ್ತು. ತೊಳೆದ ನೀರನ್ನು ಊರೆಲ್ಲ ಬಳಸಬೇಕು, ವರ್ಷ ವರ್ಷ ಬಳಕೆ ಹೆಚ್ಚಬೇಕು, ಇಷ್ಟಕ್ಕೆ ಇಷ್ಟು ಅಂತ ಗುರಿ. ನೀರಿಲ್ಲದ ಊರಿಗೆ ಅದು ಕೆಟ್ಟ ಮಾತೇನಲ್ಲ. ಮೊದಲು ಪೈಪು ಹೋದದ್ದು ಬಂಗಲೆಗಳ ಬಡಾವಣೆಗೆ, ಹುಲ್ಲಿಗೆ ಹಾಕಲಿ ಅಂತ. ವಾಸನೆ ಬರುತ್ತೆ, ನಮ್ಮ ನಾಯಿ ಹುಲ್ಲಿನ ಮೇಲೆ ಹೊರಳುತ್ತೆ ಅಂದರು ಅವರು. ಕಾರ್ಖಾನೆಗೆ ಹೋಯಿತು. ಯಂತ್ರ ತುಕ್ಕು ಹಿಡಿಯುತ್ತೆ ಅಂದರು. ಗುರಿ ಮಾತ್ರ ಹಾಗೇ ಉಳಿಯಿತು. ಆಗ ಎಲ್ಲರ ಕಣ್ಣಿಗೆ ಬಿದ್ದದ್ದು ಘಟಕದ ಗೋಡೆಗೇ ಅಂಟಿಕೊಂಡ ನಮ್ಮ ಸಾಲುಮನೆಗಳು. ನಾವು ಬೇಡ ಅನ್ನುವ ಹಾಗಿರಲಿಲ್ಲ. ಮನೆ ಘಟಕದವರದು.

ಆ ತೊಳೆದ ನೀರಿನ ನೇರಳೆ ಬಣ್ಣದ ಪೈಪು ಬಂತು. ಮೈ ತೊಳೆಯುವುದಕ್ಕೆ, ಬಟ್ಟೆಗೆ, ಪಾತ್ರೆಗೆ, ಎಲ್ಲಕ್ಕೂ ಅದೇ. ಕುಡಿಯುವುದಕ್ಕೆ ಕ್ಯಾನು ಕೊಡುತ್ತೇವೆ ಅಂದರು. ಮೀನಿನ ಕ್ಯಾನು ತಪ್ಪದೆ ಬರುತ್ತಿತ್ತು, ನಮ್ಮದು ಬಂದರೆ ಬಂತು. ಬೀದಿಯ ಕೊನೆಯಲ್ಲಿ ಹಳೆಯ ಸಿಹಿನೀರಿನ ನಲ್ಲಿ ಒಂದು ಉಳಿದಿತ್ತು. ಬೆಳಿಗ್ಗೆ ಸ್ವಲ್ಪ ಹೊತ್ತು ಸಣ್ಣಗೆ ಬರುತ್ತಿತ್ತು. ನಾಳೆ ಮೇಲಿನವರು ನೋಡಿ ಒಪ್ಪಿದರೆ ಆ ನಲ್ಲಿಗೂ ಬಿರಡೆ ಹೊಡೆದು, ಮಾದರಿ ಬೀದಿ ಅಂತ ಬೋರ್ಡು ನಿಲ್ಲಿಸುತ್ತಾರೆ ಅಂತ ಮಾತಿತ್ತು. ನಲ್ಲಿ ರಿಪೇರಿಯವನು ಆಗಲೇ ಬಂದು ಅಳತೆ ನೋಡಿಕೊಂಡು ಹೋಗಿದ್ದ.

ಸಾಲುಮನೆಯ ಗೋಡೆಗಳು ತೆಳ್ಳಗೆ. ಸಂಜೆ ಬಾಯ್ಬಡಕನ ಹೆಂಡತಿ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದಳು. ಹೆರಿಗೆಯಾಗಿ ಇನ್ನೂ ಹೆಚ್ಚು ದಿನ ಆಗಿರಲಿಲ್ಲ. ಕೂಸಿನ ಕತ್ತಿನ ಮಡಿಕೆ, ತೊಡೆಯ ಸಂದು ನೇರಳೆ ಪೈಪಿನ ನೀರಿಗೆ ಕೆಂಪಗೆ ಸುಲಿದು ಹೋಗಿದ್ದವು. ಆ ಹಳೆಯ ನಲ್ಲಿಯಿಂದ ಹಿಡಿದಿಟ್ಟ ಚೊಂಬು ನೀರಿನಲ್ಲಿ ಬಟ್ಟೆ ಅದ್ದಿ ಅದ್ದಿ ಒತ್ತುತ್ತಿದ್ದಳು. ಒತ್ತಿದಾಗಲೆಲ್ಲ ಕೂಸು ಕಿರುಚುತ್ತಿತ್ತು.

"ನಿನ್ನ ಬಾಯಿಗೆ ಬೆಂಕಿ ಹಾಕ," ಅಂದಳು. "ಎಲ್ಲರ ಮುಂದೆ ಅಷ್ಟು ಮಾತಾಡೋದು ಬೇಕಿತ್ತಾ?"

"ಅವನು ಮಾವನ ಕೈಲಿ ಮೂಸಿಸ್ದ ಕಣೇ."

"ಗೊತ್ತು. ಬೀದಿಗೆಲ್ಲ ಗೊತ್ತು. ನಾಳೆ ಒಂದಿನ ಬಾಯಿ ಮುಚ್ಕೊಂಡಿರು. ಇವಳ ತಲೆ ಮೇಲೆ ಕೈ ಇಟ್ಟು ಹೇಳು."

"ಮುಚ್ಕೊಂಡಿದ್ರೆ ನಲ್ಲಿ ಬಿಡ್ತಾರಾ?"

"ಬಿಡಲ್ಲ. ಸೂರಾದ್ರೂ ಇರುತ್ತೆ. ಈ ಕೂಸು ಎತ್ಕೊಂಡು ಎಲ್ಲಿಗೆ ಹೋಗ್ಲಿ ನಾನು?"

ಅವನು ಕೂಸಿನ ತಲೆ ಮೇಲೆ ಕೈ ಇಟ್ಟ. ಅದು ಇನ್ನೂ ಬಿಕ್ಕುತ್ತಿತ್ತು.

"ಆಯ್ತು. ಒಂದು ಮಾತೂ ಆಡಲ್ಲ."

ಈ ಕಡೆ ಗೋಡೆಗೆ ಒರಗಿ ಕೂತಿದ್ದ ಮಾವನಿಗೆ ತಡೆಯಲಾಗಲಿಲ್ಲ. "ಏನವ್ವಾ, ಇವನು ಸುಮ್ನಿರೋದಾ? ನಿದ್ದೇಲೂ ಯಾರಿಗೋ ಉತ್ತರ ಕೊಡ್ತಿರ್ತಾನಲ್ಲ!" ಸಾಲಿಗೆ ಸಾಲೇ ನಕ್ಕಿತು. ಅವಳೂ ನಕ್ಕಳು. ಅವನ ದನಿ ಮಾತ್ರ ಕೇಳಲಿಲ್ಲ.

ಬೆಳಿಗ್ಗೆ ಎದ್ದರೆ ಬೀದಿಯೆಲ್ಲ ಘಾಟು. ಮೇಲಿನವರ ಮೂಗಿಗೆ ವಾಸನೆ ಹತ್ತಬಾರದು ಅಂತ ಘಟಕದವರು ನೀರಿಗೆ ದಿನದ ಎರಡರಷ್ಟು ಬ್ಲೀಚಿಂಗು ಸುರಿದಿದ್ದರು. ಮುಖ ತೊಳೆದವರಿಗೆ ಕಣ್ಣು ಉರಿ. ನೋಡಲು ಮಾತ್ರ ನೀರು ಗಾಜಿನ ಹಾಗೆ ತಿಳಿ.

ಮೀನಿನ ಕ್ಯಾನುಗಳ ಗಾಡಿ ಬಂತು. ಬಾಯ್ಬಡಕ ಎರಡು ಕ್ಯಾನು ಇಳಿಸಿಕೊಂಡ. ಹಿಂಬಾಗಿಲಿಗೆ ಹೋಗಲಿಲ್ಲ. ನೇರ ಮನೆಗೆ ಹೋಗಿ, ಹೊಸಲಿನ ಮೇಲಿಟ್ಟು, ಒಳಗಿದ್ದ ಹಂಡೆ, ಬಿಂದಿಗೆ, ಬಕೆಟ್ಟಿಗೆಲ್ಲ ಬಗ್ಗಿಸಿದ.

"ಇದು ಮೀನಿಂದಲ್ವಾ? ಅಯ್ಯೋ, ಯಾಕ್ ತಂದೆ?" ಅಂದಳು ಹೆಂಡತಿ.

ಅವನು ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದ. ಆಮೇಲೆ ಕೂಸಿನ ಕಡೆ, ಹಂಡೆಯ ಕಡೆ ಕೈ ಮಾಡಿದ. ಅವಳು ಇನ್ನೂ ಏನೋ ಕೇಳುವಳಿದ್ದಳು. ಅವನು ಖಾಲಿ ಕ್ಯಾನುಗಳನ್ನು ಎತ್ತಿಕೊಂಡು ಹೊರಬಿದ್ದ.

ಬೀದಿಯಲ್ಲಿ ಹಲ್ಲುಜ್ಜುತ್ತ ನಿಂತಿದ್ದವರೆಲ್ಲ ನೋಡಿದೆವು. ನೇರಳೆ ಪೈಪಿನ ನಲ್ಲಿಗೆ ಕ್ಯಾನಿನ ಬಾಯಿ ಹಿಡಿದ. ಪಕ್ಕದ ಮನೆಯ ಅಕ್ಕ ಕೇಳಿದಳು, "ಏನೋ ಅದು? ಯಾರಿಗೋ ಆ ನೀರು?"

ಉತ್ತರ ಬರಲಿಲ್ಲ. ಆ ಬಾಯಿಯಿಂದ ಉತ್ತರ ಬರದೆ ಇದ್ದದ್ದನ್ನು ನಾವು ಯಾವತ್ತೂ ಕಂಡಿರಲಿಲ್ಲ.

ಅಕ್ಕನಿಗೆ ಅರ್ಥವಾಯಿತು. ಎಲ್ಲರಿಗೂ ಆಯಿತು. "ಬೇಡ ಕಣೋ, ಎಲ್ಲರನ್ನೂ ಬೀದಿಗೆ ಹಾಕ್ತಾರೆ," ಅಂದ ಪಂಪಿನವನು. ಬಾಯ್ಬಡಕ ಕ್ಯಾನಿನಿಂದ ಕೈ ತೆಗೆಯಲಿಲ್ಲ. ಕ್ಯಾನು ತುಂಬಿತು. ಎತ್ತಲು ಬಗ್ಗಿದಾಗ ಇನ್ನೊಂದು ಕಡೆಗೆ ಯಾರೋ ಕೈ ಹಾಕಿದರು. ಮಾವ.

ಇಬ್ಬರೂ ಅದನ್ನು ಹೊತ್ತು, ಹಿಂಬಾಗಿಲಿಂದ ಮೀನಿನ ತೊಟ್ಟಿಯ ಕಡೆಗೆ ನಡೆದರು. ಪಂಪಿನವನು ಉಗುಳಿ, ಮುಖ ತೊಳೆದು, ಎರಡನೆಯ ಕ್ಯಾನನ್ನು ನಲ್ಲಿಗೆ ಹಿಡಿದ.

ಮೇಲಿನವರು ಬಂದರು. ಮುಂದೆ ಒಬ್ಬ ಮೇಡಂ, ಹಿಂದೆ ಫೋಟೋದವರು. ಎಲ್ಲರ ಕೈಯಲ್ಲೂ ಸೀಲು ಒಡೆಯದ ನೀರಿನ ಬಾಟಲು. ಮೊದಲು ಗುಂಡಿ, ಕೊಳ, ಯಂತ್ರ ಎಲ್ಲ ಸುತ್ತಿ ಹಜಾರಕ್ಕೆ ಬಂದರು. ನಾವು ಹೇಳಿಕೊಟ್ಟ ಜಾಗದಲ್ಲಿ ನಿಂತು ಹೇಳಿಕೊಟ್ಟ ಹಾಗೆ ಕೈ ಮುಗಿದೆವು. ನಗುವುದು ಯಾರಿಗೂ ನೆನಪಾಗಲಿಲ್ಲ. ನಲ್ಲಿ ರಿಪೇರಿಯವನು ಪಾನಾ ಹಿಡಿದುಕೊಂಡು ಹೊರಬಾಗಿಲಲ್ಲಿ ಕಾಯುತ್ತಿದ್ದ. ಸಾಹೇಬರು ಸನ್ನೆ ಮಾಡಿದರೆ ನೇರ ನಮ್ಮ ಬೀದಿಯ ನಲ್ಲಿಗೆ.

"ಇಲ್ಲಿಂದ ನೇರವಾಗಿ ಸಿಬ್ಬಂದಿ ಮನೆಗಳಿಗೆ ಹೋಗುತ್ತೆ ಮೇಡಂ. ಇದೇ ನೀರು," ಅಂದರು ಟೈ ಸಾಹೇಬರು.

"ಮನೆಯವರು ಏನಂತಾರೆ?"

"ತುಂಬಾ ಖುಷಿಯಾಗಿದಾರೆ ಮೇಡಂ." ಟೈ ಸಾಹೇಬರು ತೊಟ್ಟಿಯ ಕಡೆ ಕೈ ಚಾಚಿದರು. "ನಮ್ಮ ಮಾತು ಬೇಡ, ಈ ಮೀನುಗಳೇ ಹೇಳ್ತವೆ, ಬನ್ನಿ."

ಫೋಟೋದವರು ಮುಂದೆ ನುಗ್ಗಿದರು. ಮೀನುಗಳೆಲ್ಲ ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಿದ್ದವು.

"ಯಾಕೆ ಹೀಗೆ ಮಾಡ್ತಿವೆ?" ಮೇಡಂ ಬಗ್ಗಿದರು.

"ಹಸಿವು ಮೇಡಂ. ಏಯ್, ಕಾಳು ಹಾಕೋ!"

ಬಾಯ್ಬಡಕ ಕಾಳು ಹಾಕಿದ. ಕಾಳು ತೇಲುತ್ತಾ ಉಳಿಯಿತು. ಒಂದು ಮೀನು ಓರೆಯಾಯಿತು. ಗಾಜಿಗೆ ಒರಗಿ, ಬಾಲ ಒಂದು ಸಲ ಬಡಿದು, ಬೆಳ್ಳಗಿನ ಹೊಟ್ಟೆ ಮೇಲೆ ಮಾಡಿತು. ಅದರ ಹಿಂದೆ ಇನ್ನೊಂದು. ಫೋಟೋದವನೊಬ್ಬ ಇನ್ನೂ ಒತ್ತುತ್ತಲೇ ಇದ್ದ, ಟಕ್ ಟಕ್ ಅಂತ.

ಟೈ ಸಾಹೇಬರು ಬಾಯ್ಬಡಕನ ಮೇಲೆ ಹಾಯ್ದರು. "ಏನೋ ಸುರಿದೆ ಇದಕ್ಕೆ?"

"ಸುರಿದೆ ಅಂದ್ರೆ?" ಮೇಡಂ ತಿರುಗಿದರು. "ನಿಮ್ಮ ಘಟಕದ ನೀರೇ ಅಲ್ವಾ ಇದರಲ್ಲಿರೋದು?"

"ಅದೇ ಮೇಡಂ. ಅದೇ ನೀರು. ಇವನು... ಇವನು ಏನೋ ಬೆರೆಸಿದಾನೆ ಮೇಡಂ. ದ್ವೇಷ."

ಕಿಟಕಿಯ ಆಚೆ ನಮ್ಮ ಹೆಂಗಸರು ನಿಂತಿದ್ದರು. ಬಾಯ್ಬಡಕನ ಹೆಂಡತಿಯೂ ಇದ್ದಳು, ಮಗುವನ್ನು ಭುಜಕ್ಕೆ ಹಾಕಿಕೊಂಡು. ಸ್ನಾನವಾಗಿತ್ತು ಅದಕ್ಕೆ. ಎಷ್ಟೋ ದಿನದ ಮೇಲೆ ಅಳದೆ ನಿದ್ದೆ ಹೋಗಿತ್ತು. ಅವಳ ಕಣ್ಣು ಗಂಡನ ಬಾಯಿಯ ಮೇಲೇ ಇತ್ತು.

"ಹೇಳಪ್ಪ," ಅಂದರು ಮೇಡಂ. "ಏನು ಹಾಕಿದೆ? ಹೆದರಬೇಡ."

"ಬೊಗಳೋ!" ಟೈ ಸಾಹೇಬರು ಅವನ ಅಂಗಿ ಹಿಡಿದು ಜಗ್ಗಿದರು. "ದಿನಾ ಬೊಗಳ್ತೀಯಲ್ಲ ನಾಯಿ! ಇವತ್ತು ಬಾಯಿ ಸೇದೋಯ್ತಾ? ಏನ್ ಹಾಕ್ದೆ, ಬೊಗಳು!"

ಬಾಯ್ಬಡಕ ಸಾಹೇಬರ ಬೆರಳುಗಳನ್ನು ಒಂದೊಂದಾಗಿ ತನ್ನ ಅಂಗಿಯಿಂದ ಬಿಡಿಸಿದ. ಹಿಂಬಾಗಿಲ ಪಕ್ಕ ಇಟ್ಟಿದ್ದ ಸಿಹಿನೀರಿನ ಖಾಲಿ ಕ್ಯಾನುಗಳನ್ನು ಎರಡೂ ಕೈಗೆ ಎತ್ತಿಕೊಂಡ. ಮೇಡಂ ಮುಂದೆ, ಫೋಟೋದವರ ಮುಂದೆ, ಪಾನಾ ಹಿಡಿದವನ ಮುಂದೆ ಹಾಯ್ದು, ಹಜಾರದ ದೊಡ್ಡ ಬಾಗಿಲಿಂದಲೇ ಹೊರಗೆ ನಡೆದ. ಹಿಂದೆ ಸಾಹೇಬರು ಅದನ್ನೇ ಕೂಗುತ್ತಿದ್ದರು, ಏನ್ ಹಾಕ್ದೆ, ಏನ್ ಹಾಕ್ದೆ. ಅವನು ತಿರುಗಲಿಲ್ಲ.