ಒಂಬತ್ತನೆಯವಳು

"ತೆಗ್ಯೇ ಕೈಯ! ಹರ್ಕೆ ಇರೋದೇ ಅವಳ ಹೆಸ್ರಲ್ಲಿ. ಅವಳೇ ನೋಡ್ದಿದ್ರೆ ಅಜ್ಜಯ್ಯ ಒಪ್ಕತಾನಾ?"

ಅತ್ತೆ ಖಮ್ಲಾ ಗದರಿದರೂ ಸುನಿಸಾ ಮಗಳ ಕಣ್ಣಿನ ಮೇಲಿಂದ ಕೈ ತೆಗೆಯಲಿಲ್ಲ. ಮಟಮಟ ಮಧ್ಯಾಹ್ನ. ಅಜ್ಜಯ್ಯನ ಗುಡಿಯೆದುರು ನಿಂತಿದ್ದ ಲಾರಿಯ ಮೇಲೆ ಒಂಬತ್ತು ಹುಡುಗಿಯರು ಮಿಣಮಿಣ ಬಟ್ಟೆ ತೊಟ್ಟು ಕುಣಿಯುತ್ತಿದ್ದರು. ಮೈಕು ಹಿಡಿದ ತಂಡದ ಯಜಮಾನ ಪೊಂಗ್ ಹಾಡಿನ ನಡುನಡುವೆ ಒಂದೊಂದು ಹೊಲಸು ಮಾತು ಉದುರಿಸುತ್ತಿದ್ದ. ನಿಂತಿದ್ದ ಗಂಡಸರು ಸಿಳ್ಳೆ ಹಾಕುತ್ತಿದ್ದರು. ಏಳು ವರ್ಷದ ಖಿಮ್‌ಳ ಕಣ್ಣು ಮುಚ್ಚಿದರೆ ಕಿವಿ ತೆರೆದಿರುತ್ತಿತ್ತು, ಕಿವಿ ಮುಚ್ಚಿದರೆ ಕಣ್ಣು. ಸುನಿಸಾಳಿಗೆ ಇದ್ದದ್ದು ಎರಡೇ ಕೈ.

ಅವಳು ಅದೇ ಊರಿನ ಶಾಲೆಯ ಟೀಚರು. ಗುಡಿಯ ಮುಂದಿನ ಈ ಕುಣಿತ ಶಾಲೆಯ ಗೇಟಿಗೇ ಕಾಣುತ್ತದೆ, ಮಕ್ಕಳ ಬಾಯಲ್ಲಿ ಅದೇ ಮಾತು ಬರುತ್ತಿದೆ ಎಂದು ಹೋದ ವರ್ಷ ಜಗಳವಾಡಿ, ರಜೆಯ ದಿನ ಮಾತ್ರ ಕುಣಿಸಬೇಕೆಂದು ಗುಡಿಯವರನ್ನು ಒಪ್ಪಿಸಿದ್ದಳು. ಈಗ ಅವಳ ಮನೆಯದೇ ಹರಕೆ. ಊರು ನಗದೆ ಬಿಟ್ಟೀತೇ?

ಹರಕೆ ಹೊತ್ತವಳು ಖಮ್ಲಾ. ಮಳೆಗಾಲದಲ್ಲಿ ಖಿಮ್‌ಗೆ ಡೆಂಗಿ ಜ್ವರ ಬಂದು, ಡಾಕ್ಟರು ಮುಖ ಕೊಟ್ಟು ಮಾತಾಡುವುದನ್ನೇ ಬಿಟ್ಟಾಗ, ಖೊರಾತ್ ಪಟ್ಟಣದ ಆಸ್ಪತ್ರೆಯ ಮೊಗಸಾಲೆಯಲ್ಲೇ ಊರಿನ ದಿಕ್ಕಿಗೆ ಮಂಡಿಯೂರಿ, "ಕೂಸು ಎದ್ದು ಕೂತ್ರೆ ಒಂಬತ್ತು ಜನ ಕುಣೀತಾರೆ ಅಜ್ಜಯ್ಯ" ಎಂದಿದ್ದಳು. ಅಜ್ಜಯ್ಯನಿಗೆ ಕೆಂಪು ಶರಬತ್ತೂ ಹೆಣ್ಣುಮಕ್ಕಳ ಕುಣಿತವೂ ಇಷ್ಟ ಎಂಬುದು ಊರಿಗೇ ಗೊತ್ತು. ಯಾರು ಅವನನ್ನು ಕೇಳಿಕೊಂಡು ಬಂದರೋ ಅವನೇ ಬಲ್ಲ. ಆ ಹೊತ್ತಿನಲ್ಲಿ ಸುನಿಸಾಳೂ ತುಟಿಪಿಟಕ್ಕೆನ್ನದೆ ಕೈ ಮುಗಿದಿದ್ದಳು. ಮಗು ಎದ್ದು ಕೂತಿತು. ಕುಣಿತದ ಬದಲು ಹಂದಿತಲೆ ಒಪ್ಪಿಸೋಣ ಎಂದು ಸೊಸೆ ಹೇಳಿದಾಗ ಅತ್ತೆ, "ದೈವದ ತಾವ ಚೌಕಾಸಿ ಮಾಡ್ಬ್ಯಾಡ" ಎಂದು ಬಾಯಿ ಮುಚ್ಚಿಸಿದ್ದಳು.

ಖಿಮ್ ಅಮ್ಮನ ಬೆರಳ ಸಂದಿಯಿಂದ ಇಣುಕಿದಳು. "ಅಮ್ಮಾ, ಆ ತುದೀಲಿರೋದು ಬೈತೋಯ್ ಅಕ್ಕ ಅಲ್ವಾ?"

"ಸುಮ್ನಿರು."

"ಅಕ್ಕಾನೇ ಅಮ್ಮ! ಮಳೆ ಬಂದ್ರೆ ಶಾಲೆಯಿಂದ ನನ್ನ ಎತ್ಕೊಂಡು ಬರ್ತಿದ್ಲಲ್ಲ!"

ಸುನಿಸಾ ತಲೆಯೆತ್ತಿದಳು. ಅಷ್ಟು ಹೊತ್ತು ಮಗಳ ಕಣ್ಣು ಮುಚ್ಚಲು ಒದ್ದಾಡಿದವಳು ಕುಣಿಯುವವರ ಮುಖವನ್ನು ಒಮ್ಮೆಯೂ ನೋಡಿರಲಿಲ್ಲ. ಬಳಿದ ಬಣ್ಣದ ಅಡಿಯಿಂದ ಆ ಮುಖ ಹೊರಗೆ ಬರಲು ಗಳಿಗೆ ಬೇಕಾಯಿತು. ಎರಡು ವರ್ಷದ ಹಿಂದೆ ಆರನೇ ತರಗತಿ ಮುಗಿಸಿ, ಏಳಕ್ಕೆ ಬಾರದೆ ಹೋದ ಬೈತೋಯ್. ಅವಳ ಅಜ್ಜಿಯನ್ನು ಕೇಳಿದ್ದಕ್ಕೆ, ಪಟ್ಟಣದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಾಳೆ ಎಂದಿದ್ದಳು.

ಹುಡುಗಿಯೂ ಆಗಲೇ ಇವಳನ್ನು ಕಂಡಳು. ಹಾಡು ಓಡುತ್ತಲೇ ಇತ್ತು. ಅವಳು ನಿಂತುಬಿಟ್ಟಳು. ಎತ್ತರದ ಬೂಟುಗಳನ್ನು ಜೋಡಿಸಿ, ಎರಡೂ ಕೈ ಮುಗಿದು, ತಲೆ ಬಾಗಿಸಿದಳು. ಬೆಳಗ್ಗೆ ಶಾಲೆಯ ಗೇಟಿನಲ್ಲಿ ಮಕ್ಕಳು ಟೀಚರಿಗೆ ಕೈ ಮುಗಿಯುತ್ತಾರಲ್ಲ, ಹಾಗೆಯೇ.

"ಏಯ್, ದೈವ ಆ ಕಡೆ ಇಲ್ಲ ಕಣೇ, ಈ ಕಡೆ!" ಎಂದು ಪೊಂಗ್ ಮೈಕಿನಲ್ಲಿ ಕೂಗಿದ. ಜನ ಹೋ ಎಂದು ನಕ್ಕರು.

ಸುನಿಸಾ ಮಗಳನ್ನು ಅತ್ತೆಯ ಕೈಗೆ ದೂಡಿ ಲಾರಿಗೆ ಓಡಿದಳು. "ನಿಲ್ಸ್ರೀ ಹಾಡು!"

"ಏನ್ ಟೀಚರಮ್ಮ, ನಿಮ್ದೇ ಹರಕೆ, ನೀವೇ ನಿಲ್ಸೋದಾ?"

"ಅವಳಿಗೆ ಹದಿನಾಲ್ಕು ವರ್ಷ!"

"ಹದಿನೆಂಟು ಅಂದ್ಲಪ್ಪ. ಬಣ್ಣ ಹಚ್ಚಿದ್ಮೇಲೆ ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತೆ. ನಾನು ಪಾಠ ಹೇಳಿದೀನಿ. ನಿಲ್ಸ್ತೀಯೋ, ಪೊಲೀಸರನ್ನ ಕರೀಲೋ?"

ಹಾಡು ನಿಂತಿತು. ಬೈತೋಯ್ ಲಾರಿಯ ಅಂಚಿಗೆ ಬಂದು ಕುಕ್ಕರಗಾಲಲ್ಲಿ ಕೂತು, ಬೇರೆ ಯಾರಿಗೂ ಕೇಳದಂತೆ, "ಟೀಚರ್, ಇನ್ನು ಸ್ವಲ್ಪಾನೇ ಇರೋದು. ಮುಗಿಯೋವರೆಗೂ ನೀವು ಆ ಕಡೆ ತಿರುಗ್ಕೊಳ್ಳಿ. ನೀವು ನೋಡ್ಬೇಡಿ ಟೀಚರ್" ಎಂದಳು.

ಸುನಿಸಾ ಲಾರಿಯ ಅಂಚು ಹಿಡಿದುಕೊಂಡಳು.

ಹಿಂದಿನಿಂದ ಖಮ್ಲಾ ಅರಚಿದಳು. "ಅವಳನ್ನ ಇಳಿಸ್ಬ್ಯಾಡ ಕಣೇ! ಒಬ್ಳು ಕಮ್ಮಿಯಾದ್ರೂ ಹರ್ಕೆ ತೀರಾಕಿಲ್ಲ. ಕೊಟ್ಟ ಕೂಸ್ನ ವಾಪಸ್ ಕೇಳ್ತಾನೆ ಅಜ್ಜಯ್ಯ!"

ಸುನಿಸಾಗೆ ಇದರಲ್ಲೆಲ್ಲ ನಂಬಿಕೆಯಿಲ್ಲ. ಆದರೆ ಹೆದರಿಕೆ ನಂಬಿಕೆಯನ್ನು ಕೇಳಿಕೊಂಡು ಬರುವುದಿಲ್ಲ. ಅಜ್ಜಿಯ ಕೈ ಹಿಡಿದು ನಿಂತ ಖಿಮ್‌ಳ ಕುತ್ತಿಗೆಯ ಎಲುಬುಗಳು ಜ್ವರದ ದಿನಗಳಲ್ಲಿ ಕಂಡಂತೆ ಈಗಲೂ ಕಾಣುತ್ತಿದ್ದವು. ಅವಳನ್ನೊಮ್ಮೆ ನೋಡಿದಳು. ಆಮೇಲೆ ಲಾರಿಯ ಕಡೆ ತಿರುಗಿ ಎರಡೂ ಕೈ ಚಾಚಿದಳು.

"ಇಳಿ ಮಗಳೇ."

ಹುಡುಗಿ ಇಳಿದಳು. ಸುನಿಸಾ ತನ್ನ ಮೇಲಂಗಿ ಬಿಚ್ಚಿ ಅವಳಿಗೆ ತೊಡಿಸಿ, ಕತ್ತಿನವರೆಗೂ ಗುಂಡಿ ಹಾಕಿದಳು. ಖಮ್ಲಾ ದುಡುದುಡು ಬಂದವಳು ಬೈಯಲೆಂದು ಹುಡುಗಿಯ ಗದ್ದ ಹಿಡಿದೆತ್ತಿದಳು. ಎತ್ತಿದ ಕೈ ಹಾಗೇ ನಿಂತಿತು. ಹೆಬ್ಬೆರಳಿನಿಂದ ಕೆನ್ನೆಯ ಬಣ್ಣ ಒರೆಸಿದಳು, ಮತ್ತೂ ಒರೆಸಿದಳು.

"ಅಯ್ಯೋ ನನ್ನಪ್ಪಾ, ಇದಿನ್ನೂ ಕೂಸು."

ಅವಳು ಗುಡಿಯತ್ತ ತಿರುಗಿದಳು. ಹರಕೆ ತೀರಿಸಲು ಜನ ತಂದು ಸಾಲಾಗಿಟ್ಟ ಗಾರೆಯ ಜೀಬ್ರಾಗಳ ಹಿಂದೆ ಅಜ್ಜಯ್ಯ ಎಂದಿನಂತೆ ಕೂತಿದ್ದ. ಮುಂದಿನ ಶರಬತ್ತಿನ ಬಾಟಲಿಗೆ ಇರುವೆ ಮುತ್ತಿತ್ತು.

"ನಿಂಗೂ ಗೊತ್ತಿರ್ಲಿಲ್ಲ, ಅಲ್ವಾ?" ಎಂದು ಮೆಲ್ಲಗೆ ಕೇಳಿದಳು.

ಆಮೇಲೆ ಚಪ್ಪಲಿ ಬಿಟ್ಟು, ಉಟ್ಟ ಬಟ್ಟೆಯನ್ನು ಮೇಲಕ್ಕೆ ಸಿಕ್ಕಿಸಿ, ಪೊಂಗ್‌ನತ್ತ ಕೈ ಚಾಚಿದಳು. "ಹಿಡ್ಕೊಳೋ. ಹತ್ತಿಸು."

"ಅಜ್ಜೀ, ನೀವಾ?"

"ಒಂಬತ್ತು ಜನ ಅಂದಿದ್ದೆ. ಎಂಥೋರು ಅಂತ ನಾ ಹೇಳೂ ಇಲ್ಲ, ಅವನು ಕೇಳೂ ಇಲ್ಲ. ಹಾಕೋ ಹಾಡ. ಆ ನಿನ್ನ ಬಾಯಿ ಮಾತ್ರ ಮುಚ್ಕಂಡಿರು."

ಹಾಡು ಶುರುವಾಯಿತು. ಸಿಳ್ಳೆ ಬರಲಿಲ್ಲ. ಸಾಲಿನ ತುದಿಯಲ್ಲಿ ಖಮ್ಲಾ ಗುಡಿಗೆ ಮುಖ ಮಾಡಿ, ನೋಯುವ ಮಂಡಿಯನ್ನು ಸಾವರಿಸಿಕೊಳ್ಳುತ್ತ, ತಾನು ಹರೆಯದಲ್ಲಿ ಕುಣಿಯುತ್ತಿದ್ದ ಸುತ್ತುಕುಣಿತದಂತೆ ಬೆರಳು ಬಾಗಿಸಿ ಮಣಿಕಟ್ಟು ತಿರುಗಿಸಿದಳು. ಧಡಧಡ ಹಾಡಿಗೂ ಅದಕ್ಕೂ ಎಲ್ಲಿಯೂ ತಾಳಮೇಳವಿರಲಿಲ್ಲ. ಉಳಿದ ಎಂಟು ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಖಮ್ಲಾಳ ಪಕ್ಕದವಳು ಮೊದಲು ಹೆಜ್ಜೆ ನಿಧಾನ ಮಾಡಿದಳು, ಆಮೇಲೆ ಅವಳ ಪಕ್ಕದವಳು.